ಮನೆತನದ ಕಾಯಿಲೆ ಬರೆದಿಡುವ ಬಗೆ: ರಕ್ತದಲ್ಲಿ ಬಂದದ್ದು, ಮನೆಯಲ್ಲಿ ಬಂದದ್ದು

“ಮನೇಲಿ ಯಾರಿಗಾದ್ರೂ ಹಾರ್ಟ್ ತೊಂದರೆ ಇತ್ತಾ?” ಎಂದು ಡಾಕ್ಟರು ಕೇಳಿದರೆ “ಚಿಕ್ಕಪ್ಪನಿಗೆ ಇತ್ತು” ಎಂದಷ್ಟೇ ಹೇಳಿ ಬರುವವರು ಬಹಳ. ಈ ಉತ್ತರದಿಂದ ಡಾಕ್ಟರಿಗೆ ಏನೂ ತಿಳಿಯುವುದಿಲ್ಲ. ಚಿಕ್ಕಪ್ಪ ಎಂದರೆ ಅಪ್ಪನ ತಮ್ಮನೂ ಹೌದು, ಅಮ್ಮನ ತಂಗಿಯ ಗಂಡನೂ ಹೌದು. ಮೊದಲನೆಯವರದು ನಿಮ್ಮದೇ ರಕ್ತ. ಎರಡನೆಯವರಿಗೂ ನಿಮಗೂ ಊಟದ ಪಂಕ್ತಿಯ ಸಂಬಂಧ ಮಾತ್ರ. ಅತ್ತೆ ಎಂಬ ಶಬ್ದವಂತೂ ಇನ್ನೂ ಕಷ್ಟದ್ದು: ಅಪ್ಪನ ಅಕ್ಕ, ಸೋದರಮಾವನ ಹೆಂಡತಿ, ಗಂಡನ ತಾಯಿ, ಮೂವರೂ ಅತ್ತೆಯೇ. ಹಾಗಾಗಿ ಮನೆತನದ ಆರೋಗ್ಯದ ಚರಿತ್ರೆ ಬರೆಯುವಾಗ ಮೊದಲ ನಿಯಮ, ಕರೆಯುವ ಹೆಸರು ಬಿಟ್ಟು ಹುಟ್ಟಿನ ದಾರಿ ಬರೆಯುವುದು. “ಅಪ್ಪನ ತಂಗಿ”, “ಅಮ್ಮನ ಅಣ್ಣನ ಮಗ”, ಹೀಗೆ. ದೊಡ್ಡಪ್ಪ-ಚಿಕ್ಕಪ್ಪನ ಮಕ್ಕಳನ್ನೂ ಅಣ್ಣ, ತಂಗಿ ಎಂದೇ ಕರೆಯುತ್ತೇವಲ್ಲ, ಅಲ್ಲೂ ಇದೇ ಎಚ್ಚರ ಬೇಕು. ಒಡಹುಟ್ಟಿದವರಿಗೂ ಅವರಿಗೂ ಲೆಕ್ಕ ಬೇರೆ.

ಲೆಕ್ಕ ಹೀಗಿದೆ. ಅಪ್ಪ, ಅಮ್ಮ, ಒಡಹುಟ್ಟಿದವರು, ಮಕ್ಕಳು: ಇವರೊಂದಿಗೆ ನಿಮ್ಮ ಜೀನ್‌ಗಳಲ್ಲಿ ಸುಮಾರು ಅರ್ಧ ಪಾಲು ಒಂದೇ. ಅಜ್ಜ, ಅಜ್ಜಿ, ಅಪ್ಪ-ಅಮ್ಮನ ಒಡಹುಟ್ಟಿದವರು, ಅಣ್ಣ-ಅಕ್ಕಂದಿರ ಮಕ್ಕಳು: ಕಾಲು ಪಾಲು. ಅಪ್ಪ-ಅಮ್ಮನ ಒಡಹುಟ್ಟಿದವರ ಮಕ್ಕಳು: ಎಂಟನೇ ಒಂದು ಪಾಲು. ಅಜ್ಜನಿಗೆ ಇಬ್ಬರು ಹೆಂಡಿರಿದ್ದರೆ ಬೇರೆ ತಾಯಿಯ ಮಕ್ಕಳು ಪರಸ್ಪರ ಅರ್ಧವಲ್ಲ, ಕಾಲು ಪಾಲಿನವರು. ದತ್ತು ಬಂದವರು ಆಸ್ತಿಯ ಪತ್ರದಲ್ಲಿ ಮಗನಾದರೂ ಈ ಹಾಳೆಯಲ್ಲಿ ಅವರ ಹುಟ್ಟಿದ ಮನೆಯವರು. ಅಡಿಕೆ ತೋಟದ ಮನೆಗಳಲ್ಲಿ ಎರಡು ತಲೆಮಾರಿನ ಹಿಂದೆ ದತ್ತು ಸಾಮಾನ್ಯವಾಗಿತ್ತು. ಇದನ್ನು ಬಿಟ್ಟು ಬರೆದರೆ ಇಡೀ ವಂಶದ ಮರವೇ ತಪ್ಪಿದ ಬುಡದಲ್ಲಿ ನಿಂತೀತು.

ಹಾಳೆ ಸಿದ್ಧ ಮಾಡುವುದು

ಒಂದು ದೊಡ್ಡ ಡ್ರಾಯಿಂಗ್ ಹಾಳೆ, ಪೆನ್ಸಿಲ್, ರಬ್ಬರ್ ಸಾಕು. ಪೆನ್ನಿನಲ್ಲಿ ಶುರು ಮಾಡಬೇಡಿ. ಮೊದಲ ವಾರದಲ್ಲೇ ನಾಲ್ಕು ಸಲ ಅಳಿಸಬೇಕಾಗುತ್ತದೆ. ಹಾಳೆಯನ್ನು ಅಡ್ಡ ಹಿಡಿದು ಮೂರು ಸಾಲು ಮಾಡಿ: ಮೇಲೆ ಅಜ್ಜ-ಅಜ್ಜಿಯರು, ನಡುವೆ ಅಪ್ಪ-ಅಮ್ಮನ ತಲೆಮಾರು, ಕೆಳಗೆ ನೀವು ಮತ್ತು ನಿಮ್ಮ ಸಾಲಿನವರು. ಮಕ್ಕಳಿದ್ದರೆ ನಾಲ್ಕನೆಯದು. ಎಡಕ್ಕೆ ಅಪ್ಪನ ಕಡೆ, ಬಲಕ್ಕೆ ಅಮ್ಮನ ಕಡೆ.

ಗಂಡಸಿಗೆ ಚೌಕ, ಹೆಂಗಸಿಗೆ ವೃತ್ತ. ಕಾಯಿಲೆ ಇದ್ದವರ ಗುರುತನ್ನು ತುಂಬಿ ಕಪ್ಪು ಮಾಡಿ, ತೀರಿಕೊಂಡವರ ಮೇಲೆ ಓರೆ ಗೀಟು ಎಳೆಯಿರಿ. ಗಂಡ-ಹೆಂಡತಿಯ ನಡುವೆ ಒಂದು ಗೀಟು. ಮೊದಲೇ ರಕ್ತಸಂಬಂಧವಿದ್ದು ಮದುವೆಯಾದವರಿಗೆ ಎರಡು ಗೀಟು. ಗರ್ಭಪಾತಕ್ಕೆ ಚಿಕ್ಕ ತ್ರಿಕೋನ. ಯಾರಿಗಾಗಿ ಈ ಹಾಳೆ ಮಾಡುತ್ತಿದ್ದೀರೋ ಅವರತ್ತ ಒಂದು ಬಾಣ. ಜಗತ್ತಿನ ಯಾವ ಜೆನೆಟಿಕ್ಸ್ ವಿಭಾಗಕ್ಕೆ ಒಯ್ದರೂ ಈ ಗುರುತುಗಳು ಅರ್ಥವಾಗುತ್ತವೆ.

ಪ್ರತಿಯೊಬ್ಬರ ಪಕ್ಕದಲ್ಲಿ ಬರಬೇಕಾದದ್ದು ಐದು ಸಂಗತಿ: ಹುಟ್ಟಿದ ವರ್ಷ, ಕಾಯಿಲೆ ಯಾವ ಅಂಗದ್ದು, ಅದು ಕಾಣಿಸಿದಾಗಿನ ವಯಸ್ಸು, ತೀರಿಕೊಂಡಿದ್ದರೆ ವಯಸ್ಸು ಮತ್ತು ಕಾರಣ, ಬೀಡಿ, ಕವಳ (ಎಲೆ-ಅಡಿಕೆ), ಕುಡಿತದ ಅಭ್ಯಾಸ. ಈ ಐದರಲ್ಲಿ ಜನ ಬಿಟ್ಟುಬಿಡುವುದು ಕಾಯಿಲೆ ಕಾಣಿಸಿದಾಗಿನ ವಯಸ್ಸನ್ನು. ವೈದ್ಯರಿಗೆ ಬೇಕಾದದ್ದು ಎಲ್ಲಕ್ಕಿಂತ ಹೆಚ್ಚಾಗಿ ಅದೇ. 78ಕ್ಕೆ ಬಂದ ಹೃದಯಾಘಾತ ಮುಪ್ಪಿನದು. 46ಕ್ಕೆ ಬಂದದ್ದು ಮಕ್ಕಳ ಪಾಲಿಗೆ ಎಚ್ಚರಿಕೆ. ಬರೆದ ಸಾಲು ಹೀಗಿರಬೇಕು:

“ಅಪ್ಪನ ಅಪ್ಪ. ಹುಟ್ಟು ಸುಮಾರು 1932. ಸಾವು 1984, ಸುಮಾರು 52ರಲ್ಲಿ. ಎದೆನೋವು ಎಂದು ಕೂತವರು ಅರ್ಧ ಗಂಟೆಯಲ್ಲಿ ತೀರಿಕೊಂಡರು. ಬೀಡಿ ಇತ್ತು. ಆಸ್ಪತ್ರೆ ಕಾಗದ ಇಲ್ಲ. ಹೇಳಿದವರು: ಅಪ್ಪನ ಅಕ್ಕ.”

ಹೇಳಿದವರು ಯಾರು ಎಂಬುದನ್ನೂ ಬರೆಯಿರಿ. ಇಬ್ಬರು ಎರಡು ಥರ ಹೇಳಿದರೆ ಎರಡನ್ನೂ ಇಡಿ, ನೀವೇ ತೀರ್ಪು ಕೊಡಬೇಡಿ.

ಕೇಳುವ ಹೊತ್ತು, ಕೇಳುವ ಮಾತು

ಮದುವೆ ಮನೆಯಲ್ಲಿ ಈ ವಿಷಯ ಎತ್ತಬೇಡಿ; ಸಂಬಂಧ ಕುದುರಿಸುವ ಜಾಗದಲ್ಲಿ ಯಾರೂ ಕಾಯಿಲೆ ಒಪ್ಪುವುದಿಲ್ಲ. ತಿಥಿಯ ದಿನ ಊಟವಾದ ಮೇಲೆ ಒಳ್ಳೆಯದು, ತೀರಿಕೊಂಡವರ ಮಾತು ಹೇಗೂ ಬಂದಿರುತ್ತದೆ. ಅಡಿಕೆ ಸುಲಿಯುವ ರಾತ್ರಿಗಳು ಇನ್ನೂ ಒಳ್ಳೆಯದು: ಕೈ ಕೆಲಸದಲ್ಲಿರುತ್ತದೆ, ಬಾಯಿ ಬಿಡುವಾಗಿರುತ್ತದೆ. ಮೊದಲು ಕೇಳಬೇಕಾದದ್ದು ಮನೆಯ ಹಿರಿಯ ಹೆಂಗಸರನ್ನು. ಬಾಣಂತನ, ಹುಟ್ಟಿ ಸತ್ತ ಮಕ್ಕಳು, ಯಾರು ಯಾರನ್ನು ನೋಡಿಕೊಂಡರು ಎಂಬುದೆಲ್ಲ ಅವರ ನೆನಪಿನಲ್ಲಿರುತ್ತದೆ. ತವರಿನಿಂದ ದೂರವಾದ ಸೋದರತ್ತೆಗೆ ಒಂದು ಫೋನ್ ಮಾಡಿದರೆ ಗಂಡಸರ ಹತ್ತು ದಿನದ ವಿಚಾರಣೆಗಿಂತ ಹೆಚ್ಚು ಸಿಗುತ್ತದೆ. ಶರಾವತಿಯ ಲಿಂಗನಮಕ್ಕಿ ಅಣೆಕಟ್ಟಿನಲ್ಲಿ ಮುಳುಗಡೆಯಾಗಿ ಚದುರಿದ ಮನೆತನಗಳಿಗೆ ದಾಯಾದಿಗಳನ್ನು ಹುಡುಕುವುದೇ ಅರ್ಧ ಕೆಲಸ; ಆದರೂ ಹುಡುಕಿ.

ವರ್ಷ ಕೇಳಿದರೆ ಯಾರಿಗೂ ನೆನಪಿರುವುದಿಲ್ಲ. ಘಟನೆ ಹಿಡಿದು ಕೇಳಿ: ಕಾಗೋಡು ಸತ್ಯಾಗ್ರಹ (1951) ಆದಾಗ ಹುಟ್ಟಿದ್ದರೇ, ಲಿಂಗನಮಕ್ಕಿ ಕಟ್ಟೆ ಮುಗಿದಾಗ (1964) ಶಾಲೆಗೆ ಹೋಗುತ್ತಿದ್ದರೇ, ಇಂದಿರಾ ಗಾಂಧಿ ಹೋದ ವರ್ಷ (1984) ಇದ್ದರೇ, ಬಂಗಾರಪ್ಪ ಮುಖ್ಯಮಂತ್ರಿಯಾಗಿದ್ದಾಗ (1990–92) ಹಾಸಿಗೆ ಹಿಡಿದಿದ್ದರೇ. ಎರಡು ಗೂಟ ಸಿಕ್ಕರೆ ವಯಸ್ಸು ನಾಲ್ಕೈದು ವರ್ಷದ ಅಂದಾಜಿಗೆ ಬಂದು ನಿಲ್ಲುತ್ತದೆ. ಅಷ್ಟು ಸಾಕು.

ಕಾಯಿಲೆಯ ಹೆಸರನ್ನು ಅವರು ಹೇಳಿದಂತೆಯೇ ಬರೆದುಕೊಳ್ಳಿ, ಆಮೇಲೆ ಬಿಡಿಸಿ ಕೇಳಿ. “ಲಕ್ವ ಹೊಡೀತು” ಎಂದರೆ ಒಂದು ಪಕ್ಕ ಬಿತ್ತೇ, ಮಾತು ಹೋಯಿತೇ, ಅಥವಾ ಬಾಯಿ ಮಾತ್ರ ಸೊಟ್ಟಗಾಯಿತೇ? ಬರೀ ಮುಖ ಸೊಟ್ಟಗಾಗಿ ಮತ್ತೆ ಸರಿಹೋದದ್ದಾದರೆ ಅದು ಬಹುತೇಕ ಮುಖದ ನರದ ತೊಂದರೆ, ಮಿದುಳಿನ ಆಘಾತವಲ್ಲ. “ಗ್ಯಾಸ್ಟ್ರಿಕ್ ಆಗಿ ಹೋದರು” ಎಂದರೆ ಬೆವರಿದ್ದರೇ, ಎಡಗೈ ಹಿಡಿದುಕೊಂಡಿದ್ದರೇ ಎಂದು ಕೇಳಿ. ಗ್ಯಾಸ್ಟ್ರಿಕ್ ಯಾರನ್ನೂ ಅರ್ಧ ಗಂಟೆಯಲ್ಲಿ ಕೊಲ್ಲುವುದಿಲ್ಲ. “ಮೂಲವ್ಯಾಧಿ”ಯಲ್ಲಿ ವರ್ಷಗಟ್ಟಲೆ ರಕ್ತ ಹೋಗಿ, ತೂಕ ಇಳಿದು ತೀರಿಕೊಂಡಿದ್ದರೆ ದೊಡ್ಡ ಕರುಳಿನ ಕ್ಯಾನ್ಸರ್ ಇದ್ದಿರಬಹುದು. “ಹೊಟ್ಟೆಯಲ್ಲಿ ನೀರು ತುಂಬಿತ್ತು” ಎಂಬುದು ಗಂಡಸಿನಲ್ಲಿ ಹೆಚ್ಚಾಗಿ ಲಿವರ್‌ನದ್ದು, ಹೆಂಗಸಿನಲ್ಲಿ ಅಂಡಾಶಯದ ಕ್ಯಾನ್ಸರೂ ಆಗಿರಬಹುದು. “ಗಡ್ಡೆ ತೆಗೆಸಿದರು” ಎಂದರೆ ಎಲ್ಲಿಯ ಗಡ್ಡೆ, ಆಮೇಲೆ ಕರೆಂಟು (ಕ್ಯಾನ್ಸರಿನ ವಿಕಿರಣ ಚಿಕಿತ್ಸೆ) ಕೊಟ್ಟರೇ, ಕೂದಲು ಉದುರಿತೇ?

ಮನಸ್ಸಿನ ಕಾಯಿಲೆ, ಫಿಟ್ಸ್, ಆತ್ಮಹತ್ಯೆ ಇವನ್ನು ನೇರ ಕೇಳಿದರೆ ಇಲ್ಲ ಎಂದೇ ಉತ್ತರ. “ಹೊರಗೆ ಬರದೆ ಮನೆಯೊಳಗೇ ಇದ್ದವರು ಯಾರಾದರೂ ಇದ್ದರಾ?” ಎಂದು ಕೇಳಿ ನೋಡಿ. ಎಲ್ಲರನ್ನೂ ಕೇಳಬೇಕಾದ ಇನ್ನೆರಡು ಪ್ರಶ್ನೆಗಳಿವೆ. ಆಪರೇಷನ್ ಆದಮೇಲೆ ತಾವಾಗಿ ಉಸಿರಾಡಲು ಯಾರಿಗಾದರೂ ಗಂಟೆಗಟ್ಟಲೆ ತಡವಾಯಿತೇ? ಸ್ನಾಯು ಸಡಿಲಿಸುವ ಒಂದು ಔಷಧವನ್ನು ಕರಗಿಸುವ ಕಿಣ್ವ ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೇ ಕಡಿಮೆ; ಅರಿವಳಿಕೆ ಡಾಕ್ಟರಿಗೆ ಮೊದಲೇ ತಿಳಿದರೆ ಬೇರೆ ಔಷಧ ಬಳಸುತ್ತಾರೆ. ಮಲೇರಿಯಾ ಮಾತ್ರೆ ತಿಂದು ಮೂತ್ರ ಕಪ್ಪಾಗಿ, ಕಣ್ಣು ಹಳದಿಯಾದದ್ದುಂಟೇ? ಅದು ಜಿ6ಪಿಡಿ (ಕೆಂಪು ರಕ್ತಕಣ ಕಾಪಾಡುವ ಕಿಣ್ವ) ಕೊರತೆಯ ಗುರುತು, ತಾಯಿಯಿಂದ ಗಂಡುಮಕ್ಕಳಿಗೆ ಬರುವಂಥದ್ದು.

ಕಾಗದಗಳ ವಿಷಯದಲ್ಲಿ ಒಂದು ಭ್ರಮೆ ಬಿಡಬೇಕು. ಮರಣ ಪ್ರಮಾಣಪತ್ರದಲ್ಲಿ ಸಾವಿನ ಕಾರಣ ಇರುವುದಿಲ್ಲ. 1969ರ ಜನನ ಮರಣ ನೋಂದಣಿ ಕಾಯ್ದೆ ಅದನ್ನು ಆ ಪ್ರತಿಯಲ್ಲಿ ತೋರಿಸಲು ಬಿಡುವುದಿಲ್ಲ. ಹುಡುಕಬೇಕಾದದ್ದು ಆಸ್ಪತ್ರೆಯ ಡಿಸ್ಚಾರ್ಜ್ ಸಮ್ಮರಿ, ಬಯಾಪ್ಸಿ (ಗಡ್ಡೆಯ ಚೂರು ತೆಗೆದು ನೋಡುವ ಪರೀಕ್ಷೆ) ರಿಪೋರ್ಟ್, ಎಕೋ (ಹೃದಯದ ಸ್ಕ್ಯಾನ್) ರಿಪೋರ್ಟ್. ಕ್ಯಾನ್ಸರ್ ಇದ್ದವರ ಮನೆಯಲ್ಲಿ ಬೇರೆಲ್ಲ ಕಾಗದ ಹೋದರೂ ಬಯಾಪ್ಸಿ ರಿಪೋರ್ಟ್ ಒಂದನ್ನು ಉಳಿಸಿಕೊಳ್ಳಿ. ಗಡ್ಡೆ ಎಲ್ಲಿ ಹುಟ್ಟಿತು, ಯಾವ ಜಾತಿಯದು ಎಂದು ಅದರಲ್ಲಿ ಮಾತ್ರ ಖಚಿತವಾಗಿ ಇರುತ್ತದೆ. “ಲಿವರ್ ಕ್ಯಾನ್ಸರ್” ಎಂದು ಮನೆಯವರು ಹೇಳುವ ಎಷ್ಟೋ ಕೇಸುಗಳು ಬೇರೆ ಕಡೆಯಿಂದ ಲಿವರಿಗೆ ಹರಡಿದವು.

ರಕ್ತದ್ದೋ, ಮನೆಯದ್ದೋ

ಒಂದೇ ಮನೆಯ ಮೂವರಿಗೆ ಒಂದೇ ಕಾಯಿಲೆ ಬಂದ ಕೂಡಲೇ “ವಂಶದಲ್ಲೇ ಇದೆ” ಎನ್ನುವುದು ರೂಢಿ. ಆದರೆ ಒಂದೇ ಮನೆಯವರು ಹಂಚಿಕೊಳ್ಳುವುದು ರಕ್ತವನ್ನಷ್ಟೇ ಅಲ್ಲ. ಬಾವಿ, ಅಡುಗೆ, ಕಾಡಿನ ದಾರಿ, ಕವಳದ ತಟ್ಟೆ ಎಲ್ಲವೂ ಒಂದೇ. ಇದನ್ನು ಬಿಡಿಸುವುದು ಎಷ್ಟು ಕಷ್ಟ ಎಂಬುದಕ್ಕೆ ದೂರ ಹೋಗಬೇಕಿಲ್ಲ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯದಲ್ಲಿ ಸೊಂಟ, ಮಂಡಿ ಕೀಲು ಸವೆದು ನಡೆಯಲಾಗದ ಜನ ಕಂಡುಬಂದಾಗ ಮೊದಲು ಸಂಶಯ ಬಿದ್ದದ್ದು ಗದ್ದೆಗೆ ಹೊಡೆದ ಕೀಟನಾಶಕದ ಮೇಲೆ, ಆ ಗದ್ದೆಯ ಏಡಿ ತಿಂದದ್ದರ ಮೇಲೆ. ಮನೆತನಗಳ ಮರ ಬರೆದು ನೋಡಿದಾಗ ಬೇರೆ ಚಿತ್ರ ಕಂಡಿತು: ಕಾಯಿಲೆ ತಲೆಮಾರಿನಿಂದ ತಲೆಮಾರಿಗೆ, ಗಂಡು ಹೆಣ್ಣೆಂಬ ಭೇದವಿಲ್ಲದೆ, ಕಾಯಿಲೆಯಿದ್ದ ತಂದೆ ಅಥವಾ ತಾಯಿಯಿಂದ ಇಳಿಯುತ್ತಿತ್ತು. ಮೂಳೆ ಬೆಳವಣಿಗೆಯ ಅನುವಂಶಿಕ ದೋಷ ಎಂದು ಗುರುತಿಸಲು ಆಧಾರವಾದದ್ದು ಆ ಮರ.

ಇದರ ಉಲ್ಟಾ ಉದಾಹರಣೆ ಪಕ್ಕದ ಸೊರಬ ತಾಲೂಕಿನದು. 1957ರಲ್ಲಿ ಕ್ಯಾಸನೂರು ಕಾಡಿನ ಬಳಿ ಗುರುತಾದ ಮಂಗನ ಕಾಯಿಲೆ ಒಂದೇ ಮನೆಯ ಹಲವರನ್ನು ಹಿಡಿಯಬಲ್ಲದು, ಏಕೆಂದರೆ ಅವರೆಲ್ಲ ಒಂದೇ ಕಾಡಿಗೆ ದರಗಿಗೆ (ಒಣ ಎಲೆಗೆ), ಸೌದೆಗೆ ಹೋಗುತ್ತಾರೆ, ಒಂದೇ ಉಣುಗು ಕಚ್ಚುತ್ತದೆ. ಅದು ವೈರಸ್, ವಂಶದ ಹಾಳೆಯಲ್ಲಿ ಕಪ್ಪು ಮಾಡಬೇಡಿ, ಪಕ್ಕದಲ್ಲಿ ಬರೆದರೆ ಸಾಕು. ಕ್ಷಯವೂ ಹಾಗೆಯೇ.

ಬಾಯಿ ಕ್ಯಾನ್ಸರ್ ನಡುವೆ ನಿಲ್ಲುವಂಥದ್ದು. ಅಪ್ಪ, ಮಗ ಇಬ್ಬರಿಗೂ ಬಂದರೆ ವಂಶ ಎನ್ನುವ ಮೊದಲು ಇಬ್ಬರ ಕವಳವನ್ನೂ ನೋಡಿ. ಹೊಗೆಸೊಪ್ಪು ಹಾಕದೆ ಬರೀ ಎಲೆ-ಅಡಿಕೆ ತಿಂದರೂ ಅಪಾಯವಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ ಅಡಿಕೆಯನ್ನೇ ಕ್ಯಾನ್ಸರ್‌ಕಾರಕಗಳ ಮೊದಲ ಗುಂಪಿನಲ್ಲಿಟ್ಟಿದೆ. ಅಡಿಕೆ ಬೆಳೆದೇ ಬದುಕುವ ಸೀಮೆಯಲ್ಲಿ ಈ ಮಾತು ಹಿತವಲ್ಲ, ಆದರೆ ಹಾಳೆಯಲ್ಲಿ ಬರಲೇಬೇಕು. ಬಾಯಿ ತೆರೆಯುವುದು ವರ್ಷವರ್ಷಕ್ಕೆ ಕಡಿಮೆಯಾಗುತ್ತಿದ್ದರೆ (ಮೂರು ಬೆರಳು ಉದ್ದಕ್ಕೆ ಹೋಗದಿದ್ದರೆ) ವಂಶದ ಲೆಕ್ಕ ಬಿಟ್ಟು ಮೊದಲು ದಂತವೈದ್ಯರ ಹತ್ತಿರ ಹೋಗಬೇಕು.

ಸಕ್ಕರೆ ಕಾಯಿಲೆ, ಬಿಪಿ, ಹೃದಯದ ರಕ್ತನಾಳದ ಕಾಯಿಲೆ ಇವುಗಳಲ್ಲಿ ರಕ್ತವೂ ಇದೆ, ಮನೆಯೂ ಇದೆ. ಇಲ್ಲಿ ಎರಡನ್ನು ಬೇರೆ ಮಾಡಲು ಹೊರಟು ಸಮಯ ಕಳೆಯಬೇಡಿ. ಪರೀಕ್ಷೆಯನ್ನು ಬೇಗ ಶುರು ಮಾಡಿ.

ಹಾಳೆಯನ್ನು ಓದುವುದು

ಅಪ್ಪ ಅಥವಾ ಅಣ್ಣ-ತಮ್ಮನಿಗೆ 55ರ ಒಳಗೆ, ಅಮ್ಮ ಅಥವಾ ಅಕ್ಕ-ತಂಗಿಗೆ 65ರ ಒಳಗೆ ಹೃದಯಾಘಾತ ಆಗಿದ್ದರೆ ವೈದ್ಯರು ಅದನ್ನು ಬೇಗ ಬಂದ ಹೃದ್ರೋಗ ಎಂದು ಲೆಕ್ಕಕ್ಕೆ ಹಿಡಿಯುತ್ತಾರೆ. ಅಂಥ ಮನೆಯಲ್ಲಿ ಎಲ್ಲರ ಲಿಪಿಡ್ (ರಕ್ತದ ಕೊಬ್ಬಿನ) ಪರೀಕ್ಷೆ ಆಗಬೇಕು. ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 190 ಅಥವಾ ಮೇಲಿದ್ದರೆ, ಅದರಲ್ಲೂ ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ದಪ್ಪಗಾಗಿದ್ದರೆ, ತುಪ್ಪ ಬಿಟ್ಟರೆ ಸರಿಹೋಗುವ ಕೊಲೆಸ್ಟ್ರಾಲ್ ಅದಲ್ಲದಿರಬಹುದು. ಮಕ್ಕಳಲ್ಲಿ ಪ್ರತಿಯೊಬ್ಬರಿಗೂ ಎರಡಕ್ಕೆ ಒಂದರಂತೆ ಬರುವ ಅನುವಂಶಿಕ ವಿಧವೂ ಇದೆ. 40ರೊಳಗೆ ಆಟವಾಡುವಾಗಲೋ ನಿದ್ದೆಯಲ್ಲೋ ಯಾರಾದರೂ ಇದ್ದಕ್ಕಿದ್ದಂತೆ ಹೋಗಿದ್ದರೆ ಒಡಹುಟ್ಟಿದವರಿಗೆ, ಮಕ್ಕಳಿಗೆ ಇಸಿಜಿ ಮತ್ತು ಎಕೋ ಮಾಡಿಸಿ.

ಅಪ್ಪ-ಅಮ್ಮನಲ್ಲಿ ಒಬ್ಬರಿಗಾದರೂ ಶುಗರ್ ಇದ್ದು, ನಿಮಗೆ ಹೊಟ್ಟೆ ಬಂದಿದ್ದರೆ ಶುಗರ್ ಪರೀಕ್ಷೆಗೆ ವಯಸ್ಸು 35 ಆಗುವವರೆಗೆ ಕಾಯಬೇಡಿ. ಖಾಲಿ ಹೊಟ್ಟೆಯಲ್ಲಿ 100ರಿಂದ 125 ಎಂದರೆ ಅಂಚಿನಲ್ಲಿದ್ದೀರಿ, 126 ಅಥವಾ ಮೇಲೆ ಎರಡು ಸಲ ಬಂದರೆ ಕಾಯಿಲೆ. ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸಕ್ಕರೆಯ ಸರಾಸರಿ) 6.5 ಅಥವಾ ಮೇಲಿದ್ದರೂ ಅದೇ ಅರ್ಥ. ಆದರೆ ಕಬ್ಬಿಣಾಂಶ ತೀರಾ ಕಡಿಮೆ ಇರುವವರಲ್ಲಿ ಈ ಎಚ್‌ಬಿಎ1ಸಿ ಸುಳ್ಳಾಗಿ ಏರುತ್ತದೆ, ಹಾಗಾಗಿ ರಕ್ತಹೀನತೆ ಇದ್ದವರು ಖಾಲಿ ಹೊಟ್ಟೆಯ ಪರೀಕ್ಷೆಯನ್ನೂ ಜೊತೆಗಿಟ್ಟು ನೋಡಬೇಕು.

ಸ್ತನ ಕ್ಯಾನ್ಸರ್ 50ರ ಒಳಗೆ, ಅಂಡಾಶಯದ್ದು ಯಾವ ವಯಸ್ಸಿನಲ್ಲೇ ಆಗಲಿ, ಗಂಡಸಿಗೆ ಸ್ತನ ಕ್ಯಾನ್ಸರ್: ಇವುಗಳಲ್ಲಿ ಒಂದು ಇದ್ದರೂ ಬಿಆರ್‌ಸಿಎ ಜೀನಿನ (ಕೆಟ್ಟರೆ ಸ್ತನ, ಅಂಡಾಶಯದ ಕ್ಯಾನ್ಸರಿನ ಅಪಾಯ ಏರಿಸುವಂಥದ್ದು) ಬಗ್ಗೆ ಸಲಹೆ ಕೇಳಬೇಕು. ಬಹಳ ಜನ ತಪ್ಪುವುದು ಇಲ್ಲೇ, ಅಮ್ಮನ ಕಡೆ ಮಾತ್ರ ನೋಡುತ್ತಾರೆ. ಈ ಜೀನ್ ಅಪ್ಪನಿಂದಲೂ ಅಷ್ಟೇ ಸಲೀಸಾಗಿ ಬರುತ್ತದೆ. ಅಪ್ಪನಿಗೆ ಏನೂ ಆಗದೆ, ಅಪ್ಪನ ತಂಗಿಗೂ ಅಪ್ಪನ ಮಗಳಿಗೂ ಕಾಯಿಲೆಯಾಗಬಹುದು. ಪರೀಕ್ಷೆಯನ್ನು ಶುರು ಮಾಡಬೇಕಾದದ್ದು ಕಾಯಿಲೆ ಬಂದವರು ಬದುಕಿದ್ದರೆ ಅವರಿಂದ. ಅವರಲ್ಲಿ ದೋಷ ಸಿಕ್ಕರೆ ಉಳಿದವರಲ್ಲಿ ಆ ಒಂದನ್ನೇ ಹುಡುಕಿದರೆ ಸಾಕು. ಅವರನ್ನು ಬಿಟ್ಟು ಆರೋಗ್ಯವಂತರನ್ನು ಪರೀಕ್ಷಿಸಿ “ಏನೂ ಇಲ್ಲ” ಎಂದು ಬಂದರೆ ಅದಕ್ಕೆ ಹೆಚ್ಚು ಬೆಲೆ ಇಲ್ಲ. “ಅರ್ಥ ಖಚಿತವಾಗದ ಬದಲಾವಣೆ” ಎಂದು ರಿಪೋರ್ಟ್ ಬಂದರೆ ಅದರ ಮೇಲೆ ಆಪರೇಷನ್ ನಿರ್ಧಾರ ಮಾಡುವುದಲ್ಲ.

ದೊಡ್ಡ ಕರುಳಿನ ಕ್ಯಾನ್ಸರ್ ಅಪ್ಪ, ಅಮ್ಮ ಅಥವಾ ಒಡಹುಟ್ಟಿದವರಿಗಿದ್ದರೆ ಕೊಲೊನೋಸ್ಕೋಪಿ (ಕರುಳಿನೊಳಗೆ ಕೊಳವೆ ಹಾಕಿ ನೋಡುವುದು) ಶುರುವಾಗಬೇಕಾದದ್ದು 40ಕ್ಕೆ, ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು. ಯಾವುದು ಮುಂಚೆಯೋ ಅದು. ಗ್ಲಾಕೋಮಾ (ಕಣ್ಣಿನ ನರ ಹಾಳುಮಾಡುವ ಕಾಯಿಲೆ) ಇದ್ದವರ ಒಡಹುಟ್ಟಿದವರು ಕಣ್ಣಿನ ಒತ್ತಡವನ್ನೂ ಕಣ್ಣಿನ ನರವನ್ನೂ ನೋಡಿಸಿಕೊಳ್ಳಲಿ.

ಸೋದರಿಕೆ ಮದುವೆ ಇರುವ ಮನೆ

ಗೋತ್ರ ಬೇರೆ ಎಂದರೆ ರಕ್ತ ಬೇರೆ ಎಂದಲ್ಲ. ಸೋದರಮಾವನ ಗೋತ್ರ ಬೇರೆ, ಅಕ್ಕನ ಮಗಳ ಗೋತ್ರ ಬೇರೆ. ಆದರೂ ಇಬ್ಬರಲ್ಲೂ ಕಾಲು ಪಾಲು ಜೀನ್ ಒಂದೇ. ಅತ್ತೆಯ ಮಗ, ಮಾವನ ಮಗಳು ಎಂದರೆ ಎಂಟನೇ ಒಂದು ಪಾಲು. ಇದರ ಪರಿಣಾಮ ಕಾಣುವುದು ಎರಡೂ ಕಡೆಯಿಂದ ದೋಷ ಬಂದಾಗ ಮಾತ್ರ ಮೇಲೆ ಬರುವ ಕಾಯಿಲೆಗಳಲ್ಲಿ: ಥಲಸೇಮಿಯಾ (ಹಿಮೋಗ್ಲೋಬಿನ್ ಸರಿಯಾಗಿ ತಯಾರಾಗದ ರಕ್ತದ ಕಾಯಿಲೆ), ಹುಟ್ಟು ಕಿವುಡಿನ ಕೆಲವು ವಿಧ, ಕೆಲವು ಮಿದುಳಿನ ಹಾಗೂ ಚಯಾಪಚಯದ ಕಾಯಿಲೆಗಳು. ಸಂಬಂಧವಿಲ್ಲದ ದಂಪತಿಗಳ ಮಕ್ಕಳಲ್ಲಿ ಹುಟ್ಟು ದೋಷ 100ಕ್ಕೆ 2–3. ಅತ್ತೆ-ಮಾವನ ಮಕ್ಕಳು ಮದುವೆಯಾದಲ್ಲಿ ಇದಕ್ಕೆ ಸುಮಾರು 2–3 ಸೇರುತ್ತದೆ. ಎದೆಯೊಡೆದುಕೊಳ್ಳುವ ಅಂಕಿಯಲ್ಲ, ಕಣ್ಣು ಮುಚ್ಚಿಕೊಳ್ಳುವ ಅಂಕಿಯೂ ಅಲ್ಲ. ಆದರೆ ಅದೇ ಮನೆಯಲ್ಲಿ ಮೊದಲೇ ಅಂಥ ಮಗು ಹುಟ್ಟಿದ್ದರೆ ಲೆಕ್ಕವೇ ಬದಲಾಗುತ್ತದೆ. ಹುಟ್ಟಿದ ವಾರದಲ್ಲಿ ತೀರಿಕೊಂಡ ಹೆಸರಿಡದ ಮಕ್ಕಳನ್ನು ಬಿಡದೆ ಬರೆಯಿರಿ ಎನ್ನುವುದು ಇದಕ್ಕೇ.

ಥಲಸೇಮಿಯಾದ ವಾಹಕರಿಗೆ (ಒಂದು ಕಡೆಯಿಂದ ಮಾತ್ರ ದೋಷ ಬಂದವರಿಗೆ) ಏನೂ ಆಗಿರುವುದಿಲ್ಲ, ಸ್ವಲ್ಪ ರಕ್ತ ಕಡಿಮೆ ಅಷ್ಟೆ. ಕಬ್ಬಿಣದ ಮಾತ್ರೆ ತಿಂಗಳುಗಟ್ಟಲೆ ತಿಂದರೂ ಏರದ ರಕ್ತ, ಸಿಬಿಸಿಯಲ್ಲಿ (ರಕ್ತಕಣಗಳ ಎಣಿಕೆಯ ಪರೀಕ್ಷೆ) ಎಂಸಿವಿ (ಕೆಂಪು ಕಣದ ಗಾತ್ರ) 80ಕ್ಕಿಂತ, ಎಂಸಿಎಚ್ (ಕಣದೊಳಗಿನ ಹಿಮೋಗ್ಲೋಬಿನ್) 27ಕ್ಕಿಂತ ಕಡಿಮೆ: ಹೀಗಿದ್ದರೆ ಹಿಮೋಗ್ಲೋಬಿನ್ನಿನ ಬಗೆಗಳನ್ನು ಅಳೆಯುವ ಎಚ್‌ಪಿಎಲ್‌ಸಿ ಪರೀಕ್ಷೆ ಮಾಡಿಸಿ. ಅದರಲ್ಲಿ ಹಿಮೋಗ್ಲೋಬಿನ್ ಎ2 ಎಂಬ ಬಗೆ ಶೇಕಡಾ 3.5ಕ್ಕಿಂತ ಹೆಚ್ಚಿದ್ದರೆ ವಾಹಕ. ಕಬ್ಬಿಣಾಂಶ ತೀರಾ ಇಳಿದಾಗ ಈ ಅಂಕಿ ಸುಳ್ಳಾಗಿ ತಗ್ಗಬಹುದು, ಮೊದಲು ಅದನ್ನು ಸರಿಮಾಡಿ ಮತ್ತೆ ನೋಡಬೇಕಾದೀತು. ಒಬ್ಬರೇ ವಾಹಕರಾದರೆ ಮಕ್ಕಳಿಗೆ ಕಾಯಿಲೆ ಬರುವುದಿಲ್ಲ. ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ನಾಲ್ಕಕ್ಕೆ ಒಂದು. “ಒಂದಕ್ಕೆ ಬಂತು, ಇನ್ನು ಮೂರಕ್ಕೆ ಬರಲ್ಲ” ಎಂಬುದು ತಪ್ಪು ಲೆಕ್ಕ. ಪ್ರತಿ ಸಲವೂ ಚೀಟಿ ಹೊಸದಾಗಿ ಎತ್ತಿದಂತೆ. ಬಸಿರಿನಲ್ಲಿ ಮಗುವನ್ನು ಪರೀಕ್ಷಿಸುವುದು 11ನೇ ವಾರದ ಮೇಲೆ ಸಾಧ್ಯ, ಆದ್ದರಿಂದ ಗಂಡ-ಹೆಂಡತಿಯ ಪರೀಕ್ಷೆ ಬಸಿರಿಗೆ ಮೊದಲೇ, ತಡವಾದರೂ ತಾಯಿ ಕಾರ್ಡ್ ಮಾಡಿಸುವ ವಾರದಲ್ಲೇ ಆಗಬೇಕು. ಆ ಪರೀಕ್ಷೆಯಲ್ಲಿ ಮಗು ಗಂಡೋ ಹೆಣ್ಣೋ ಎಂದು ಕೇಳುವುದೂ ಹೇಳುವುದೂ ಅಪರಾಧ.

ರಕ್ತ ಹೆಪ್ಪುಗಟ್ಟದ ಹಿಮೊಫಿಲಿಯಾಕ್ಕೆ ಸೋದರಿಕೆ ಬೇಕಿಲ್ಲ. ಅಮ್ಮನ ಅಣ್ಣ-ತಮ್ಮಂದಿರಲ್ಲಿ, ಅಮ್ಮನ ಅಕ್ಕ-ತಂಗಿಯರ ಗಂಡುಮಕ್ಕಳಲ್ಲಿ ಗಾಯದ ರಕ್ತ ನಿಲ್ಲದೆ, ಮಂಡಿ ಊದಿಕೊಂಡು ಕಷ್ಟಪಟ್ಟವರಿದ್ದರೇ ಎಂದು ನೋಡಿ. ಕಾಯಿಲೆಯಿರುವ ಅಪ್ಪನಿಂದ ಮಗನಿಗೆ ಬರುವುದಿಲ್ಲ, ಹೆಣ್ಣುಮಕ್ಕಳೆಲ್ಲ ವಾಹಕರಾಗುತ್ತಾರೆ.

ಎಲ್ಲಿಗೆ ಒಯ್ಯುವುದು

ಊರಿನ ಆಶಾ ಕಾರ್ಯಕರ್ತೆ 30 ದಾಟಿದವರಿಗೆ ತುಂಬುವ ಸಿಬ್ಯಾಕ್ ಎಂಬ ಅಪಾಯ ಅಂದಾಜಿಸುವ ನಮೂನೆಯಲ್ಲಿ ಅಪ್ಪ-ಅಮ್ಮ, ಒಡಹುಟ್ಟಿದವರಿಗೆ ಬಿಪಿ, ಶುಗರ್, ಹೃದ್ರೋಗ ಇದೆಯೇ ಎಂಬ ಪ್ರಶ್ನೆಗೆ “ಹೌದು” ಎಂದರೆ 2 ಅಂಕ. ಒಟ್ಟು 4ಕ್ಕಿಂತ ಹೆಚ್ಚಾದರೆ ತಪಾಸಣೆಗೆ ಮೊದಲ ಸರದಿ. ಅವಸರದಲ್ಲಿ “ಇಲ್ಲ, ಇಲ್ಲ” ಎಂದು ಬರೆಸಬೇಡಿ. ಬಿಪಿ, ಶುಗರ್, ಬಾಯಿ, ಸ್ತನ, ಗರ್ಭಕಂಠದ ತಪಾಸಣೆಗೆ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮೊದಲ ಮೆಟ್ಟಿಲು. ಅದರಾಚೆಗೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆ. ಜೀನ್ ಪರೀಕ್ಷೆಯವರೆಗೆ ಹೋಗಬೇಕಾದವರಿಗೆ ತೀರ್ಥಹಳ್ಳಿ, ಹೊಸನಗರ ಕಡೆಯಿಂದ ಮಣಿಪಾಲ ಹತ್ತಿರ, ಅಲ್ಲಿನ ಕೆಎಂಸಿಯಲ್ಲಿ ಮೆಡಿಕಲ್ ಜೆನೆಟಿಕ್ಸ್ ವಿಭಾಗವಿದೆ. ಬೆಂಗಳೂರಿನಲ್ಲಿ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್, ನರ, ಮಾಂಸಖಂಡದ ಕಾಯಿಲೆಗೆ ನಿಮ್ಹಾನ್ಸ್, ಕ್ಯಾನ್ಸರ್‌ಗೆ ಕಿದ್ವಾಯಿ.

ಹೋಗುವಾಗ ಹಾಳೆಯ ಎರಡು ಜೆರಾಕ್ಸ್, ಕಾಯಿಲೆ ಇದ್ದವರ ರಿಪೋರ್ಟ್‌ಗಳು, ಸಾಧ್ಯವಾದರೆ ಆ ಮನುಷ್ಯರನ್ನೇ ಕರೆದೊಯ್ಯಿರಿ. ನೇರವಾಗಿ ಆನ್‌ಲೈನ್‌ನಲ್ಲಿ ಎಂಜಲು ಪರೀಕ್ಷೆಯ ಕಿಟ್ ತರಿಸುವುದು ಹಣ ದಂಡ: ಏನನ್ನು ಹುಡುಕಬೇಕೆಂದು ತಿಳಿಯದೆ ಹುಡುಕಿದ ಪರೀಕ್ಷೆ ಅದು.

ಮೂಲ ಹಾಳೆಯನ್ನು ಪ್ಲಾಸ್ಟಿಕ್ ಕವರಿನಲ್ಲಿಡಿ, ಮಳೆಗಾಲದ ಮೂರು ತಿಂಗಳಲ್ಲಿ ಮಲೆನಾಡಿನ ಅಟ್ಟದ ಮೇಲೆ ಯಾವ ಕಾಗದವೂ ಬೂಸ್ಟು ಹಿಡಿಯದೆ ಉಳಿಯುವುದಿಲ್ಲ. ಫೋಟೋ ತೆಗೆದು ಮನೆಯ ವಾಟ್ಸಾಪ್ ಗುಂಪಿಗೆ ಹಾಕುವ ಮೊದಲು ಯೋಚಿಸಿ: ಗುಂಪಿನಲ್ಲಿ ಬೀಗರೂ ಇರುತ್ತಾರೆ, ಮದುವೆಗೆ ಬೆಳೆದ ಮಕ್ಕಳ ಹೆಸರೂ ಹಾಳೆಯಲ್ಲಿ ಇರುತ್ತದೆ. ಒಡಹುಟ್ಟಿದವರಿಗೆ ಒಬ್ಬೊಬ್ಬರಿಗೆ ಒಂದೊಂದು ಪ್ರತಿ ಕೈಗೆ ಕೊಡಿ. ಹೊರಗೆ ಮದುವೆಯಾಗಿ ಹೋದ ಹೆಣ್ಣುಮಕ್ಕಳಿಗೂ ಕೊಡಿ, ಅವರ ಮಕ್ಕಳಿಗೂ ಇದೇ ಹಾಳೆಯ ಅರ್ಧ ಬೇಕು. ವರ್ಷಕ್ಕೊಮ್ಮೆ, ತಿಥಿಯ ದಿನವೇ ಆಗಲಿ, ಪೆನ್ಸಿಲ್ ಹಿಡಿದು ಹೊಸದಾಗಿ ಬಂದದ್ದನ್ನು ಸೇರಿಸಿ, ಪಕ್ಕದಲ್ಲಿ ತಾರೀಖು ಹಾಕಿ.